ಚಕ್ಕುಬಂದಿ ಓದಿ, ಆಮೇಲೆ ಹೆಬ್ಬೆಟ್ಟು ಒತ್ತಿ

ಮಕ್ಕಳೇ,

ಹೋದ ಭಾನುವಾರ ನೀವಿಬ್ಬರೂ ಸಿಹಿ ಡಬ್ಬಿ ಹಿಡಿದು ಮನೆಗೆ ಬಂದಿದ್ದಿರಿ. ‘ತಾತ, ಫ್ಲ್ಯಾಟ್ ಗೊತ್ತಾಯ್ತು, ಲೋನೂ ಆಯ್ತು. ಇನ್ನು ರಿಜಿಸ್ಟ್ರೇಶನ್ ಒಂದು ಬಾಕಿ. ಏಜೆಂಟ್ ಎಲ್ಲ ನೋಡ್ಕೋತಾರೆ, ನಾವು ಹೋಗಿ ಫೋಟೊ, ಬೆರಳಚ್ಚು ಕೊಟ್ಟು ಬಂದ್ರಾಯ್ತು’ ಅಂದಿರಿ. ಸಿಹಿ ತಿಂದು ಹರಸಿ ಕಳಿಸಿದೆ. ನೀವು ಹೋದ ಮೇಲೆ ಆ ಕೊನೆಯ ಮಾತು ಮಾತ್ರ ನನ್ನನ್ನು ಬಿಡಲಿಲ್ಲ. ಇಪ್ಪತ್ತು ವರ್ಷ ಸಾಲ ತೀರಿಸಬೇಕಾದ ಮನೆಯ ಪತ್ರವನ್ನು ಓದದೆ ಬೆರಳೊತ್ತಲು ಹೊರಟಿದ್ದೀರಿ. ಅದಕ್ಕೇ ಈ ಕಿವಿಮಾತು. ನಿಮಗೆ ಬರೆಯುತ್ತಿದ್ದೇನೆ, ಆದರೆ ವರ್ತೂರು, ಹೂಡಿ, ಕಾಡುಗೋಡಿ, ಹಗದೂರು ಕಡೆ ನಿಮ್ಮ ಹಾಗೆ ಮನೆ ಕೊಳ್ಳುತ್ತಿರುವ ಎಲ್ಲ ಮಕ್ಕಳಿಗೂ ಇದು ಸಲ್ಲುತ್ತದೆ.

ನಾನು ಪತ್ರ ಬರೆದು ಬದುಕಿದವನು. ಉಪನೋಂದಣಾಧಿಕಾರಿ ಕಚೇರಿಯ ಹೊರಗೆ ಒಂದು ಮೇಜು, ಒಂದು ಬೆಂಚು, ಒಂದು ಶಾಯಿ ಪೆನ್ನು ಇಟ್ಟುಕೊಂಡು ಮೂವತ್ತು ವರ್ಷಕ್ಕೂ ಮೇಲೆ ಕ್ರಯಪತ್ರ, ದಾನಪತ್ರ, ವಿಭಾಗಪತ್ರ, ಭೋಗ್ಯಪತ್ರ ಬರೆದೆ. ಆಗ ಪತ್ರದ ಕೊನೆಯಲ್ಲಿ ಸಾಕ್ಷಿಗಳ ರುಜು ಆದ ಮೇಲೆ ‘ಬಿಕ್ಕಲಂ’ ಎಂದು ಬರೆದು ಬರೆದವನು ಸಹಿ ಹಾಕಬೇಕಿತ್ತು. ಈ ಅಕ್ಷರ ನನ್ನದು, ಇದರಲ್ಲಿ ತಪ್ಪಿದ್ದರೆ ನನ್ನನ್ನು ಕೇಳಿ ಎಂದು ಅದರ ಅರ್ಥ. ಛಾಪಾ ಕಾಗದ ಹೋಯಿತು, ಟೈಪು ಬಂತು, ಕಂಪ್ಯೂಟರ್ ಬಂತು. ಈಗ ಪತ್ರವನ್ನು ಯಾವುದೋ ಲ್ಯಾಪ್‌ಟಾಪಿನಲ್ಲಿದ್ದ ಹಳೆಯ ಪತ್ರದ ಮೇಲೆ ಹೆಸರು ಬದಲಿಸಿ ಮಾಡುತ್ತಾರೆ. ಬಿಕ್ಕಲಂ ಹಾಕಿ ಹೊಣೆ ಹೊರುವವನು ಕಾಣುವುದೇ ಅಪರೂಪ. ಆ ಹೊಣೆ ಈಗ ನಿಮ್ಮ ತಲೆಯ ಮೇಲೆ ಬಂದಿದೆ ಎಂದು ಮೊದಲು ತಿಳಿಯಿರಿ.

ನಾನು ಹೇಳಬೇಕೆಂದಿರುವುದು ಒಂದೇ ಮಾತು. ನೋಂದಣಿ ಕಚೇರಿ ನೀವು ಹೇಳಿದ್ದನ್ನು ಬರೆದಿಟ್ಟುಕೊಳ್ಳುತ್ತದೆ. ನೀವು ಹೇಳಿದ್ದು ನಿಜವೇ ಎಂದು ನೋಡಬೇಕಾದವರು ನೀವು.

ಇದನ್ನು ಕೇಳಿ ತುಂಬ ಜನ ಬೆಚ್ಚುತ್ತಾರೆ. ‘ಸರ್ಕಾರಿ ಕಚೇರಿಯಲ್ಲಿ ರಿಜಿಸ್ಟರ್ ಆದ ಮೇಲೆ ಮುಗೀತಲ್ಲ’ ಎನ್ನುತ್ತಾರೆ. ಮುಗಿಯುವುದಿಲ್ಲ. ನಮ್ಮಲ್ಲಿ ನೋಂದಣಿ ಆಗುವುದು ಪತ್ರ, ಹಕ್ಕಲ್ಲ. 1908ರ ನೋಂದಣಿ ಕಾಯ್ದೆಯ ಪ್ರಕಾರ ನೂರು ರೂಪಾಯಿಗೆ ಕಡಿಮೆಯಿಲ್ಲದ ಬೆಲೆಯ ಸ್ಥಿರಾಸ್ತಿಯನ್ನು ಮಾರುವ ಪತ್ರ ನೋಂದಣಿ ಆಗಲೇಬೇಕು, ಇಲ್ಲದಿದ್ದರೆ ಆ ಆಸ್ತಿ ಕೊಂಡವನ ಕೈಗೆ ಬಂದಂತಲ್ಲ. ಹಾಗೆಂದು ನೋಂದಣಿ ಆದ ಮಾತ್ರಕ್ಕೆ ಮಾರಿದವನಿಗೆ ಮಾರುವ ಹಕ್ಕಿತ್ತು ಎಂದು ಸರ್ಕಾರ ಖಾತರಿ ಕೊಟ್ಟಂತೆಯೂ ಅಲ್ಲ. ತಮಿಳುನಾಡಿನ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರ ಏಪ್ರಿಲ್‌ನಲ್ಲಿ ಇದನ್ನೇ ಬಿಡಿಸಿ ಹೇಳಿತು: ಪತ್ರ ಬರೆದುಕೊಡುವವನಿಗೆ ಹಕ್ಕಿದೆಯೋ ಇಲ್ಲವೋ ಎಂದು ತೀರ್ಮಾನಿಸುವುದು ನೋಂದಣಿ ಅಧಿಕಾರಿಯ ಕೆಲಸವಲ್ಲ.

ನಿಮ್ಮ ಅಣ್ಣ ಅಮೆರಿಕದಲ್ಲಿ ಮನೆ ಕೊಂಡಾಗ ಅಲ್ಲಿನ ಕೌಂಟಿ ಕಚೇರಿಯಲ್ಲಿ ಪತ್ರ ದಾಖಲಿಸಿದ ಎಂದಿರಲ್ಲ, ಅದೂ ಹೀಗೆಯೇ ಬರೆದಿಡುವ ಕಚೇರಿ. ಅದಕ್ಕೇ ಅಲ್ಲಿ ಮನೆ ಕೊಳ್ಳುವವರು ಹಕ್ಕಿಗೊಂದು ವಿಮೆ ಮಾಡಿಸುತ್ತಾರೆ. ಆಸ್ಟ್ರೇಲಿಯಾದಲ್ಲಿ ಕ್ರಮ ಬೇರೆ. ದಕ್ಷಿಣ ಆಸ್ಟ್ರೇಲಿಯಾದಲ್ಲಿ ರಾಬರ್ಟ್ ಟೊರೆನ್ಸ್ ಎಂಬವರು 1858ರಲ್ಲಿ ತಂದ ಪದ್ಧತಿಯಲ್ಲಿ ಸರ್ಕಾರದ ಪುಸ್ತಕದಲ್ಲಿ ಯಾರ ಹೆಸರಿದೆಯೋ ಅವನೇ ಒಡೆಯ, ಅದಕ್ಕೆ ಸರ್ಕಾರವೇ ಜಾಮೀನು. ನಮ್ಮಲ್ಲಿ ಆ ಜಾಮೀನಿಲ್ಲ. ಹಾಗಾಗಿ ಹಳೆಯ ಕಾಗದಗಳ ಸರಪಣಿ ಹಿಡಿದು ಹಿಂದಕ್ಕೆ ಹೋಗಿ ನೋಡದೆ ಬೇರೆ ದಾರಿಯಿಲ್ಲ.

ನಮ್ಮ ವೈಟ್‌ಫೀಲ್ಡ್‌ನಲ್ಲಿ ಆ ಸರಪಣಿ ಸ್ವಲ್ಪ ಸಿಕ್ಕುಸಿಕ್ಕು. ಈ ಊರು ಹುಟ್ಟಿದ್ದೇ ಒಂದು ಭೂಮಿ ಮಂಜೂರಾತಿಯಿಂದ. 1882ರಲ್ಲಿ ಮಹಾರಾಜರಾದ ಹತ್ತನೆಯ ಚಾಮರಾಜೇಂದ್ರ ಒಡೆಯರು ಮೈಸೂರು ಮತ್ತು ಕೊಡಗಿನ ಯುರೇಷಿಯನ್ ಮತ್ತು ಆಂಗ್ಲೋ ಇಂಡಿಯನ್ ಸಂಘಕ್ಕೆ 3,900 ಎಕರೆ ಕೊಟ್ಟರು. ಅದರ ಮುಂದಾಳು ಡಿ.ಎಸ್. ವೈಟ್ ಅವರ ಹೆಸರೇ ಊರಿಗೆ ನಿಂತಿತು. ಆ ಪುಟ್ಟ ವಸಾಹತಿನ ಸುತ್ತ ಪಟ್ಟಂದೂರು ಅಗ್ರಹಾರ, ನಲ್ಲೂರಹಳ್ಳಿ, ಹಗದೂರು, ಇಮ್ಮಡಿಹಳ್ಳಿ, ಸಿದ್ದಾಪುರ, ರಾಮಗೊಂಡನಹಳ್ಳಿಗಳ ರಾಗಿ ಹೊಲ, ತೋಟ, ಗೋಮಾಳ. ತೊಂಬತ್ತರ ದಶಕದಲ್ಲಿ ಐಟಿಪಿಎಲ್ ಟೆಕ್ ಪಾರ್ಕ್ ಎದ್ದ ಮೇಲೆ ಹೊಲಗಳು ಸೈಟುಗಳಾದವು, ಸೈಟುಗಳು ಫ್ಲ್ಯಾಟುಗಳಾದವು. 2023ರಲ್ಲಿ ಮೆಟ್ರೊ ಬಂತು, ಬೆಲೆ ಇನ್ನೂ ಮೇಲೆ ಹೋಯಿತು.

ನೆಲ ಅದೇ, ಆದರೆ ಕಾಗದದಲ್ಲಿ ಅದರ ವಿಳಾಸ ಬದಲಾಗುತ್ತಲೇ ಬಂದಿದೆ. ಹಳೆಯ ಪತ್ರ ತೆಗೆದರೆ ‘ಕೃಷ್ಣರಾಜಪುರ ಹೋಬಳಿ, ಬೆಂಗಳೂರು ದಕ್ಷಿಣ ತಾಲ್ಲೂಕು’ ಎಂದಿರುತ್ತದೆ. ಆಮೇಲಿನದರಲ್ಲಿ ‘ಬೆಂಗಳೂರು ಪೂರ್ವ ತಾಲ್ಲೂಕು’. ಖಾತೆ ಒಮ್ಮೆ ಪಂಚಾಯಿತಿಯದು, ಒಮ್ಮೆ ನಗರಸಭೆಯದು, 2007ರಿಂದ ಬಿಬಿಎಂಪಿಯದು, 2025ರ ಸೆಪ್ಟೆಂಬರ್‌ನಿಂದ ಬೆಂಗಳೂರು ಪೂರ್ವ ನಗರ ಪಾಲಿಕೆಯದು. ಸರ್ವೆ ನಂಬರಿಗೆ ಹಿಸ್ಸೆ ಬಿದ್ದು, ಪೋಡಿ ಆಗಿ, ಅಂದರೆ ಅಳೆದು ಬೇರ್ಪಡಿಸಿ, ಹೊಸ ನಂಬರು ಬಂದಿರುತ್ತದೆ. ಸೈಟಿಗೆ ಪಂಚಾಯಿತಿ ಕೊಟ್ಟ ಖಾನೇಷುಮಾರಿ ನಂಬರು ಬೇರೆ, ಪಾಲಿಕೆಯ ನಂಬರು ಬೇರೆ. ನೀವು ಕೊಳ್ಳುವ ಫ್ಲ್ಯಾಟಿನ ಕೆಳಗಿರುವ ನೆಲ ಈ ಎಲ್ಲ ಹೆಸರುಗಳಲ್ಲೂ ಒಂದೇ ನೆಲವೇ ಎಂದು ಕೊಂಡಿ ಕೊಂಡಿ ಹಿಡಿದು ನೋಡಬೇಕು. ಒಂದು ಕೊಂಡಿ ಕಳಚಿದ್ದರೂ ಏಕೆ ಎಂದು ಕೇಳಬೇಕು.

ಕೇಳಬೇಕಾದ ಕಾಗದಗಳು ಯಾವುವು? ಮೊದಲನೆಯದು ಮೂಲಪತ್ರ. ಮಾರುವವನಿಗೆ ಈ ಆಸ್ತಿ ಹೇಗೆ ಬಂತು, ಅವನಿಗೆ ಮಾರಿದವನಿಗೆ ಹೇಗೆ ಬಂತು ಎಂದು ಕನಿಷ್ಠ ಮೂವತ್ತು ವರ್ಷ ಹಿಂದಕ್ಕೆ ಹೋಗಿ. ಎರಡನೆಯದು ಋಣಭಾರ ಪತ್ರ, ನೀವೆಲ್ಲ ಇಸಿ ಎನ್ನುವುದು. 2004ರ ಏಪ್ರಿಲ್ ಒಂದರಿಂದ ಈಚಿನದು ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲೇ ಸಿಗುತ್ತದೆ. ಅದಕ್ಕೂ ಹಿಂದಿನದಕ್ಕೆ ಕಚೇರಿಯ ಹಳೆಯ ಸೂಚಿಗಳನ್ನು ಹುಡುಕಿಸಬೇಕು. ಆನ್‌ಲೈನಿನಲ್ಲಿ ಸಿಕ್ಕಷ್ಟಕ್ಕೆ ತೃಪ್ತರಾಗಬೇಡಿ. ಇಸಿಯಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರ ಮಾತ್ರ. ನೋಂದಣಿಯಾಗದ ಕರಾರು, ಕೋರ್ಟಿನಲ್ಲಿ ನಡೆಯುತ್ತಿರುವ ದಾವೆ ಅದರಲ್ಲಿ ಕಾಣದೇ ಇರಬಹುದು. ಹಾಗಾಗಿ ಇಸಿ ಖಾಲಿ ಇದೆ ಎಂದರೆ ಆಸ್ತಿ ಶುದ್ಧ ಎಂದು ತಿಳಿಯಬೇಡಿ.

ಮೂರನೆಯದು ವಂಶವೃಕ್ಷ. ಇಲ್ಲಿನ ಬಹಳಷ್ಟು ನೆಲ ಒಕ್ಕಲು ಮನೆತನಗಳ ಪಿತ್ರಾರ್ಜಿತ. ಕರ್ನಾಟಕದಲ್ಲಿ 1994ರ ತಿದ್ದುಪಡಿಯಿಂದಲೂ, ಇಡೀ ದೇಶದಲ್ಲಿ 2005ರ ತಿದ್ದುಪಡಿಯಿಂದಲೂ ಹೆಣ್ಣುಮಕ್ಕಳಿಗೆ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಗಂಡುಮಕ್ಕಳ ಸಮ ಪಾಲಿದೆ. ಅಣ್ಣತಮ್ಮಂದಿರು ಸಹಿ ಹಾಕಿ, ಕೊಟ್ಟ ಮನೆಯಲ್ಲಿರುವ ಅಕ್ಕತಂಗಿಯರನ್ನು ಮರೆತ ಪತ್ರಗಳು ಎಷ್ಟೋ ಕೋರ್ಟು ಹತ್ತಿವೆ. ‘ಅವರದೇನೂ ತಕರಾರಿಲ್ಲ’ ಎಂಬ ಬಾಯಿಮಾತಿಗೆ ಬೆಲೆಯಿಲ್ಲ. ಅವರೂ ಪತ್ರಕ್ಕೆ ಸಹಿ ಹಾಕಿರಬೇಕು, ಅಥವಾ ಹಕ್ಕು ಬಿಡುಗಡೆ ಪತ್ರ ನೋಂದಣಿಯಾಗಿರಬೇಕು.

ನಾಲ್ಕನೆಯದು ಆ ನೆಲ ಸರ್ಕಾರ ಮಂಜೂರು ಮಾಡಿದ್ದೇ ಎಂಬುದು. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನನ್ನು ಸರ್ಕಾರದ ಅನುಮತಿಯಿಲ್ಲದೆ ಕೊಂಡರೆ 1978ರ ಪಿಟಿಸಿಎಲ್ ಕಾಯ್ದೆಯಂತೆ ಆ ಕ್ರಯ ನಿಲ್ಲುವುದಿಲ್ಲ. ಆ ಕಾಯ್ದೆ ಇರುವುದು ಬಡವರ ತುಂಡು ಭೂಮಿ ಕೈತಪ್ಪದಿರಲಿ ಎಂದು, ಅದನ್ನು ಗೌರವಿಸಬೇಕು. ಭೂ ಪರಿವರ್ತನೆ ಆಗಿದೆಯೇ, ನಕ್ಷೆಗೆ ಮಂಜೂರಾತಿ ಇದೆಯೇ, ಕಟ್ಟಡಕ್ಕೆ ವಾಸಯೋಗ್ಯ ಪ್ರಮಾಣಪತ್ರ, ಅಂದರೆ ಓಸಿ, ಬಂದಿದೆಯೇ, ರಿಯಲ್ ಎಸ್ಟೇಟ್ ಪ್ರಾಧಿಕಾರವಾದ ರೇರಾದಲ್ಲಿ ನೋಂದಣಿ ಇದೆಯೇ ಎಂಬುದನ್ನೆಲ್ಲ ವಕೀಲರು ನೋಡುತ್ತಾರೆ. ಆದರೆ ವಕೀಲರು ನಿಮ್ಮವರಾಗಿರಲಿ. ಮಾರುವವರ ಕಡೆಯ ವಕೀಲರ ಅಭಿಪ್ರಾಯವನ್ನು ನಿಮ್ಮದೆಂದು ಇಟ್ಟುಕೊಳ್ಳಬೇಡಿ. ಬ್ಯಾಂಕಿನ ವಕೀಲರು ಒಪ್ಪಿದ್ದಾರೆ ಎಂದು ಸುಮ್ಮನಾಗಲೂ ಬೇಡಿ. ಅವರು ನೋಡುವುದು ಬ್ಯಾಂಕಿನ ಸಾಲ ಭದ್ರವೇ ಎಂದು. ನಿಮ್ಮ ಬದುಕು ಭದ್ರವೇ ಎಂದು ನೀವೇ ನೋಡಿಕೊಳ್ಳಬೇಕು.

ಇಲ್ಲಿ ಒಂದು ಮಾತು ನೆನಪಿಡಿ. ಕಚೇರಿಯ ಒಂದನೇ ಪುಸ್ತಕ, ಅಂದರೆ ಸ್ಥಿರಾಸ್ತಿಯ ಪತ್ರಗಳಿರುವ ಪುಸ್ತಕ, ಸಾರ್ವಜನಿಕ ದಾಖಲೆ. ಶುಲ್ಕ ಕಟ್ಟಿದರೆ ಯಾರು ಬೇಕಾದರೂ ಅದನ್ನು ನೋಡಿ ದೃಢೀಕೃತ ನಕಲು ಪಡೆಯಬಹುದು. ಕಾನೂನೇ ಕೊಟ್ಟ ಹಕ್ಕು ಇದು. ಕಂಪ್ಯೂಟರ್ ಕಾಲದ ಪತ್ರಗಳ ನಂಬರಿನಲ್ಲಿ ಮೊದಲಿಗೆ ಕಚೇರಿಯ ಗುರುತಿನ ಅಕ್ಷರಗಳು, ಆಮೇಲೆ ಪುಸ್ತಕದ ಸಂಖ್ಯೆ, ಕ್ರಮಸಂಖ್ಯೆ, ಕೊನೆಗೆ ವರ್ಷ ಇರುತ್ತವೆ. ಬೆಂಗಳೂರಿನಲ್ಲಿ ಯಾವ ಕಚೇರಿಯಲ್ಲಿ ಬೇಕಾದರೂ ನೋಂದಣಿ ಮಾಡಿಸುವ ಅನುಕೂಲ ಬಹಳ ಹಿಂದೆಯೇ ಬಂತು, 2024ರ ಸೆಪ್ಟೆಂಬರ್‌ನಿಂದ ರಾಜ್ಯಕ್ಕೆಲ್ಲ ಹಬ್ಬಿತು. ಹಾಗಾಗಿ ವೈಟ್‌ಫೀಲ್ಡಿನ ಮನೆಯ ಪತ್ರ ಊರಿನ ಇನ್ನೊಂದು ಮೂಲೆಯ ಕಚೇರಿಯಲ್ಲೂ ಇರಬಹುದು. ಮಾರುವವರು ಕೊಟ್ಟ ಜೆರಾಕ್ಸ್ ನೋಡಿ ಒಪ್ಪಬೇಡಿ. ನಂಬರು ಹಿಡಿದು ನಕಲು ತರಿಸಿ, ಎರಡನ್ನೂ ಪಕ್ಕಪಕ್ಕ ಇಟ್ಟು ಸಾಲು ಸಾಲು ಓದಿ.

ಈಗ ಚಕ್ಕುಬಂದಿಯ, ಅಂದರೆ ಆಸ್ತಿಯ ನಾಲ್ಕು ದಿಕ್ಕಿನ ಎಲ್ಲೆಯ, ವಿಷಯಕ್ಕೆ ಬರುತ್ತೇನೆ. ಇದನ್ನು ಹೇಳುವಾಗ ನನ್ನ ಎದೆ ಇನ್ನೂ ಭಾರವಾಗುತ್ತದೆ, ಏಕೆಂದರೆ ಇದು ನನ್ನದೇ ತಪ್ಪು.

ಒಬ್ಬ ವಿಧವೆ ತಾಯಿ. ಗಂಡನ ಕಾರ್ಖಾನೆಯಿಂದ ಬಂದ ಹಣದಲ್ಲಿ ಒಂದು ಸೈಟು ಕೊಂಡರು. ಪೂರ್ವ ಪಶ್ಚಿಮ ಮೂವತ್ತಡಿ, ಉತ್ತರ ದಕ್ಷಿಣ ನಲವತ್ತಡಿ. ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಬೇರೆಯವರ ಸೈಟು, ಉತ್ತರಕ್ಕೆ ಓಣಿ, ದಕ್ಷಿಣಕ್ಕೆ ಮಾರಿದವರ ಉಳಿಕೆ ಜಾಗ. ಅಂದು ಅಕ್ಷಯ ತೃತೀಯದ ಹಿಂದಿನ ದಿನ, ಬೆಂಚಿನ ತುಂಬ ಜನ. ನಾನು ಬರೆಯುವಾಗ ಉತ್ತರ ದಕ್ಷಿಣಗಳನ್ನು ಅದಲು ಬದಲು ಮಾಡಿದೆ. ಆ ತಾಯಿಗೆ ಓದಲು ಬರುತ್ತಿರಲಿಲ್ಲ. ನಾನು ಪತ್ರ ಓದಿ ಹೇಳಿದೆ, ಆದರೆ ನೆಲದ ಮೇಲೆ ನಿಂತು ಕೈ ತೋರಿಸಿ ಹೇಳಲಿಲ್ಲ. ಆಕೆ ಹೆಬ್ಬೆಟ್ಟು ಒತ್ತಿದರು. ನಾನು ಬಿಕ್ಕಲಂ ಹಾಕಿದೆ.

ಹನ್ನೊಂದು ವರ್ಷ ಯಾರಿಗೂ ಗೊತ್ತಾಗಲಿಲ್ಲ. ಮಗನ ಓದಿಗೆ ಮನೆ ಅಡವಿಟ್ಟು ಸಾಲ ಕೇಳಿದಾಗ ಬ್ಯಾಂಕಿನವರು ನೆಲದ ಮೇಲಿನ ಓಣಿ ಕಾಗದದಲ್ಲಿ ಎದುರು ದಿಕ್ಕಿಗಿದೆ ಎಂದು ಅರ್ಜಿ ತಿರುಗಿಸಿದರು. ತಿದ್ದುಪಡಿ ಪತ್ರ ಮಾಡಿಸಬೇಕು, ಅದಕ್ಕೆ ಮಾರಿದವರ ಸಹಿ ಬೇಕು. ಮಾರಿದವರು ತೀರಿಹೋಗಿದ್ದರು. ಅವರ ನಾಲ್ವರು ಮಕ್ಕಳು ನಾಲ್ಕು ಊರಲ್ಲಿ. ಒಬ್ಬರಿಗೆ ಬರಲು ಮನಸ್ಸಿಲ್ಲ, ಒಬ್ಬರು ಹಣ ಕೇಳಿದರು. ನಾನು ಆ ತಾಯಿಯ ಜೊತೆ ಊರೂರು ತಿರುಗಿ ಕಾಲು ಹಿಡಿದು ಸಹಿ ಮಾಡಿಸಿದೆ. ಅಷ್ಟರಲ್ಲಿ ಹುಡುಗನ ಕಾಲೇಜಿನ ಒಂದು ವರ್ಷ ಹೋಯಿತು. ಒಂದು ಪದ ಅತ್ತಿತ್ತ ಆಗಿದ್ದಕ್ಕೆ ಒಂದು ಮಗುವಿನ ಒಂದು ವರ್ಷ. ಆಮೇಲೆ ನಾನು ಬರೆದ ಪ್ರತಿ ಪತ್ರದ ಚಕ್ಕುಬಂದಿಯನ್ನೂ ಕೊಳ್ಳುವವರಿಂದಲೇ ಓದಿಸಿದೆ. ಓದಲು ಬಾರದವರಿಂದ ಬಾಯಲ್ಲಿ ಹೇಳಿಸಿದೆ.

ಫ್ಲ್ಯಾಟಿಗೂ ಚಕ್ಕುಬಂದಿ ಇದೆ. ನಿಮ್ಮ ಪತ್ರದ ಕೊನೆಯಲ್ಲಿ ಸಾಮಾನ್ಯವಾಗಿ ಮೂರು ಷೆಡ್ಯೂಲು ಇರುತ್ತವೆ. ಎ ಷೆಡ್ಯೂಲಿನಲ್ಲಿ ಇಡೀ ಜಮೀನು, ಅದರ ಸರ್ವೆ ನಂಬರು, ನಾಲ್ಕು ದಿಕ್ಕಿನ ಎಲ್ಲೆ. ಬಿ ಷೆಡ್ಯೂಲಿನಲ್ಲಿ ಆ ಜಮೀನಿನಲ್ಲಿ ನಿಮಗೆ ಬರುವ ಅವಿಭಜಿತ ಪಾಲು ಎಷ್ಟು ಚದರಡಿ ಎಂಬುದು. ಸಿ ಷೆಡ್ಯೂಲಿನಲ್ಲಿ ನಿಮ್ಮ ಫ್ಲ್ಯಾಟಿನ ನಂಬರು, ಮಹಡಿ, ಬ್ಲಾಕು, ವಿಸ್ತೀರ್ಣ, ಕಾರು ನಿಲ್ಲಿಸುವ ಜಾಗ. ಎಲ್ಲರೂ ಸಿ ಷೆಡ್ಯೂಲು ಮಾತ್ರ ನೋಡುತ್ತಾರೆ. ಕಟ್ಟಡ ಐವತ್ತು ವರ್ಷಕ್ಕೆ ಹಳತಾಗುತ್ತದೆ, ಉಳಿಯುವುದು ನೆಲ. ಹಾಗಾಗಿ ಬಿ ಷೆಡ್ಯೂಲು ಓದಿ. ಎಲ್ಲ ಮನೆಗಳ ಪಾಲೂ ಕೂಡಿದರೆ ಒಟ್ಟು ಜಮೀನಿಗೆ ಸರಿಹೋಗುತ್ತದೆಯೇ ಎಂದು ಕೇಳಿ. ಹೆಸರಿನ ಅಕ್ಷರ, ಇನಿಶಿಯಲ್, ಆಧಾರ್ ಮತ್ತು ಪ್ಯಾನ್ ಕಾರ್ಡಿನಲ್ಲಿ ಇರುವಂತೆಯೇ ಪತ್ರದಲ್ಲೂ ಇರಲಿ. ಪತ್ರ ಇಂಗ್ಲಿಷಿನಲ್ಲಿದ್ದರೆ, ಮನೆಯ ಹಿರಿಯರಿಗೆ ಅರ್ಥವಾಗುವ ಭಾಷೆಯಲ್ಲಿ ಕೂತು ಓದಿ ಹೇಳಿ.

ಇನ್ನು ಬೆಲೆ ಕಡಿಮೆ ಎಂದು ಆಸೆ ಹುಟ್ಟಿಸುವ ಒಂದು ದಾರಿ ಇದೆ. ‘ಈಗ ರಿಜಿಸ್ಟ್ರೇಶನ್ ಬೇಡ, ಅಗ್ರಿಮೆಂಟು ಮತ್ತು ಜಿಪಿಎ ಮಾಡಿಕೊಡುತ್ತೇವೆ, ಸ್ವಾಧೀನ ನಿಮ್ಮದೇ’ ಎನ್ನುತ್ತಾರೆ. ನಮ್ಮ ಹೊರವಲಯದ ರೆವಿನ್ಯೂ ಸೈಟುಗಳಲ್ಲಿ ಹೀಗೆ ಕೊಂಡು ಮನೆ ಕಟ್ಟಿದ ಸಾವಿರಾರು ಕುಟುಂಬಗಳು ಇವತ್ತಿಗೂ ಹೊಯ್ದಾಡುತ್ತಿವೆ. ಸೂರಜ್ ಲ್ಯಾಂಪ್ ಪ್ರಕರಣದಲ್ಲಿ 2011ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ: ಕ್ರಯದ ಕರಾರು, ಜಿಪಿಎ ಎಂಬ ಅಧಿಕಾರಪತ್ರ, ಉಯಿಲು ಈ ಮೂರನ್ನು ಕೂಡಿಸಿದರೂ ಅದು ಮಾರಾಟವಾಗದು. ಮಾರಾಟ ಎಂದರೆ ನೋಂದಣಿಯಾದ ಕ್ರಯಪತ್ರ. ಅಧಿಕಾರ ಕೊಟ್ಟವರು ಕಣ್ಣು ಮುಚ್ಚಿದರೆ ಅಧಿಕಾರಪತ್ರವೂ ಸಾಮಾನ್ಯವಾಗಿ ಅಲ್ಲಿಗೇ ನಿಲ್ಲುತ್ತದೆ, ನೀವು ಅವರ ವಾರಸುದಾರರ ಬಾಗಿಲು ಕಾಯಬೇಕು. ಇನ್ನೂ ಕಟ್ಟುತ್ತಿರುವ ಫ್ಲ್ಯಾಟು ಕೊಳ್ಳುವವರಿಗೆ ರೇರಾ ಕಾಯ್ದೆಯ ರಕ್ಷಣೆ ಇದೆ. ಕರಾರು ಪತ್ರ ನೋಂದಣಿಯಾಗದೆ ಬೆಲೆಯ ಹತ್ತನೇ ಒಂದು ಪಾಲಿಗಿಂತ ಹೆಚ್ಚು ಹಣವನ್ನು ಬಿಲ್ಡರ್ ಪಡೆಯುವಂತಿಲ್ಲ. ಕೊಡಬೇಡಿ, ಕೇಳಿದರೆ ಕಾಯ್ದೆ ತೋರಿಸಿ.

ಖರ್ಚಿನ ಮಾತು. ಮುದ್ರಾಂಕ ಶುಲ್ಕ ನೂರಕ್ಕೆ ಐದು, ಅದರ ಮೇಲೆ ಸೆಸ್ಸು, ಸರ್ಚಾರ್ಜು. ನೋಂದಣಿ ಶುಲ್ಕ ನೂರಕ್ಕೆ ಒಂದಿದ್ದದ್ದು 2025ರ ಆಗಸ್ಟ್ 31ರಿಂದ ಎರಡಾಗಿದೆ. ಎಲ್ಲ ಸೇರಿ ನಗರದಲ್ಲಿ ನೂರಕ್ಕೆ 7.6. ಒಂದು ಕೋಟಿಯ ಮನೆಗೆ 7,60,000 ರೂಪಾಯಿ. ಇದನ್ನು ಮೊದಲೇ ತೆಗೆದಿಡಿ, ಏಕೆಂದರೆ ಬ್ಯಾಂಕು ಸಾಮಾನ್ಯವಾಗಿ ಇದಕ್ಕೆ ಸಾಲ ಕೊಡುವುದಿಲ್ಲ. ಉಳಿಸುವ ಆಸೆಗೆ ಪತ್ರದಲ್ಲಿ ಬೆಲೆ ಕಡಿಮೆ ತೋರಿಸಿ, ಉಳಿದದ್ದನ್ನು ನಗದಾಗಿ ಕೊಡಲು ಒಪ್ಪಬೇಡಿ. ನಗದು ಕೊಟ್ಟದ್ದಕ್ಕೆ ಸಾಕ್ಷಿಯಿಲ್ಲ, ಮುಂದೆ ನೀವು ಮಾರುವಾಗ ಆ ಹೊರೆ ನಿಮ್ಮ ಮೇಲೇ ಬೀಳುತ್ತದೆ. ಐವತ್ತು ಲಕ್ಷ ಅಥವಾ ಅದಕ್ಕೂ ಮೇಲಿನ ಬೆಲೆಯಾದರೆ ನೂರಕ್ಕೆ ಒಂದರಂತೆ ಟಿಡಿಎಸ್ ಹಿಡಿದು ಕಟ್ಟಬೇಕಾದವರು ನೀವೇ. ಮಾರುವವರು ವಿದೇಶದಲ್ಲಿ ನೆಲೆಸಿದವರಾದರೆ ದರ ಬೇರೆ, ಲೆಕ್ಕ ಪರಿಶೋಧಕರನ್ನು ಕೇಳದೆ ಮುಂದುವರಿಯಬೇಡಿ.

ಈಗ ನೋಂದಣಿಯ ಕ್ರಮ ನನ್ನ ಕಾಲಕ್ಕಿಂತ ಎಷ್ಟೋ ಚೆನ್ನಾಗಿದೆ. 2023ರಲ್ಲಿ ಬಂದ ಕಾವೇರಿ 2.0ರಲ್ಲಿ ಪತ್ರದ ವಿವರವನ್ನು ಮನೆಯಲ್ಲೇ ಕೂತು ತುಂಬಬಹುದು. ಉಪನೋಂದಣಾಧಿಕಾರಿ ಕಚೇರಿಯವರು ಮೊದಲೇ ನೋಡಿ ಒಪ್ಪುತ್ತಾರೆ, ಶುಲ್ಕ ಆನ್‌ಲೈನಿನಲ್ಲಿ ಕಟ್ಟಿ, ದಿನ ಸಮಯ ಗೊತ್ತುಮಾಡಿಕೊಂಡು ಹೋದರೆ ಸಾಕು. 2024ರ ಅಕ್ಟೋಬರ್‌ನಿಂದ ಇ-ಖಾತೆ ಇಲ್ಲದೆ ನೋಂದಣಿ ಇಲ್ಲ. ಮಾರುವವರ ಹೆಸರು ಖಾತೆಯಲ್ಲಿದೆಯೇ ಎಂದು ಅಲ್ಲೇ ಗೊತ್ತಾಗುವುದರಿಂದ ಯಾರದೋ ಸೈಟನ್ನು ಯಾರೋ ಮಾರುವ ಮೋಸಕ್ಕೆ ಒಂದಿಷ್ಟು ಕಡಿವಾಣ ಬಿದ್ದಿದೆ. ಇದು ಒಳ್ಳೆಯ ಕೆಲಸ. ಆದರೆ ಖಾತೆ ಎಂದರೆ ತೆರಿಗೆಯ ಲೆಕ್ಕ, ಅದೇ ಹಕ್ಕಿನ ಪತ್ರವಲ್ಲ ಎಂಬುದು ಮರೆಯದಿರಲಿ.

ಕಾವೇರಿಯ ಲಾಗಿನ್ ಖಾತೆಯನ್ನು ನಿಮ್ಮ ಮೊಬೈಲ್ ನಂಬರಿನಲ್ಲಿ ನೀವೇ ತೆರೆಯಿರಿ. ಏಜೆಂಟರಿಗೆ ಓಟಿಪಿ ಹೇಳಬೇಡಿ, ಖಾಲಿ ಕಾಗದಕ್ಕೆ ಸಹಿ ಹಾಕಬೇಡಿ. ಸಹಾಯ ಪಡೆಯಿರಿ, ಅದಕ್ಕೆ ಕೂಲಿಯನ್ನೂ ಕೊಡಿ. ಕಣ್ಣು ಮಾತ್ರ ನಿಮ್ಮದಿರಲಿ. ಕರಡು ಪತ್ರವನ್ನು ಹೋಗುವ ಒಂದು ವಾರ ಮೊದಲೇ ತರಿಸಿಕೊಂಡು, ಒಬ್ಬರು ಹಳೆಯ ಪತ್ರ ಹಿಡಿದು ಗಟ್ಟಿಯಾಗಿ ಓದಿ, ಇನ್ನೊಬ್ಬರು ಹೊಸ ಪತ್ರದ ಮೇಲೆ ಬೆರಳಿಟ್ಟು ತಾಳೆ ನೋಡಿ. ನಮ್ಮ ಕಾಲದಲ್ಲಿ ಕಚೇರಿಯೊಳಗೇ ಹೀಗೆ ಇಬ್ಬರು ಕೂತು ನಕಲು ತಾಳೆ ನೋಡುತ್ತಿದ್ದರು. ಅದಕ್ಕಿಂತ ಒಳ್ಳೆಯ ಉಪಾಯವನ್ನು ನಾನು ಇನ್ನೂ ಕಂಡಿಲ್ಲ.

ನೋಂದಣಿಯ ದಿನ ಮಾರುವವರು, ಕೊಳ್ಳುವವರು, ಇಬ್ಬರು ಸಾಕ್ಷಿಗಳು ಮೂಲ ಗುರುತಿನ ಚೀಟಿಯೊಂದಿಗೆ ಬರಬೇಕು. ಸಾಕ್ಷಿಗಳಾಗಿ ಮುಂದೆಯೂ ಸಿಗುವಂಥ ಬಂಧುಗಳನ್ನೋ ಸ್ನೇಹಿತರನ್ನೋ ಕರೆದುಕೊಂಡು ಹೋಗಿ. ಕಚೇರಿಯ ಬಾಗಿಲಲ್ಲಿ ಸಿಕ್ಕವರನ್ನು ಹಿಡಿದು ಸಾಕ್ಷಿ ಹಾಕಿಸಬೇಡಿ, ಇಪ್ಪತ್ತು ವರ್ಷದ ಮೇಲೆ ಕೋರ್ಟು ಕರೆದರೆ ಅವರನ್ನು ಎಲ್ಲಿ ಹುಡುಕುತ್ತೀರಿ? ಪತ್ರಕ್ಕೆ ಸಹಿ ಹಾಕಿದ ದಿನದಿಂದ ನಾಲ್ಕು ತಿಂಗಳೊಳಗೆ ನೋಂದಣಿಗೆ ಕೊಡಬೇಕು. ತಡವಾದರೆ ಇನ್ನೂ ನಾಲ್ಕು ತಿಂಗಳು ದಂಡ ಕಟ್ಟಿ ಕೇಳಿಕೊಳ್ಳಬಹುದು, ಆ ದಂಡ ನೋಂದಣಿ ಶುಲ್ಕದ ಹತ್ತು ಪಟ್ಟಿನವರೆಗೂ ಹೋಗಬಹುದು. ಆಷಾಢ ಕಳೆಯಲಿ, ಶ್ರಾವಣ ಬರಲಿ ಎಂದು ಸಹಿಯಾದ ಪತ್ರವನ್ನು ಬೀರುವಿನಲ್ಲಿಟ್ಟು ಮರೆಯುವವರಿದ್ದಾರೆ. ನೀವು ಹಾಗೆ ಮಾಡಬೇಡಿ.

ನಡೆಯಲಾಗದ ಹಿರಿಯರು ಮಾರುವವರೋ ಕೊಡುವವರೋ ಆಗಿದ್ದರೆ ಅವರನ್ನು ಹೊತ್ತು ಮಹಡಿ ಹತ್ತಿಸಬೇಡಿ. ಅರ್ಜಿ ಕೊಟ್ಟರೆ ಅಧಿಕಾರಿ ಮನೆಗೇ ಬಂದು ನೋಂದಣಿ ಮಾಡಿಕೊಳ್ಳಲು ಕಾಯ್ದೆಯಲ್ಲಿ ಅವಕಾಶವಿದೆ. ವಿದೇಶದಲ್ಲಿರುವ ಮಕ್ಕಳು ಅಲ್ಲಿಂದ ಅಧಿಕಾರಪತ್ರ ಕಳಿಸುವುದಾದರೆ, ಅಲ್ಲಿನ ನೋಟರಿ ಅಥವಾ ಭಾರತೀಯ ದೂತಾವಾಸದ ಮುಂದೆ ಸಹಿ ಮಾಡಿ ದೃಢೀಕರಿಸಿರಬೇಕು. ಅದು ಭಾರತಕ್ಕೆ ಬಂದ ಮೂರು ತಿಂಗಳೊಳಗೆ ಇಲ್ಲಿನ ಮುದ್ರಾಂಕ ಶುಲ್ಕ ಕಟ್ಟಬೇಕು. ಅದರಲ್ಲಿ ಯಾವ ಆಸ್ತಿ, ಯಾವ ಕೆಲಸ ಎಂದು ಸ್ಪಷ್ಟವಾಗಿ ಬರೆದಿರಲಿ.

ನನ್ನ ವಯಸ್ಸಿನವರಿಗೂ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಮಕ್ಕಳ ಮೇಲಿನ ಪ್ರೀತಿಯಲ್ಲಿ ದಾನಪತ್ರ ಮಾಡಿಕೊಟ್ಟರೆ ಅದನ್ನು ಮನಸ್ಸು ಬದಲಾದಾಗ ಹಿಂದಕ್ಕೆ ಪಡೆಯಲಾಗದು. ಕೊಡುವುದೇ ಆದರೆ ‘ನಮ್ಮನ್ನು ಕೊನೆಯವರೆಗೂ ನೋಡಿಕೊಳ್ಳಬೇಕು’ ಎಂಬ ಷರತ್ತನ್ನು ಪತ್ರದಲ್ಲೇ ಬರೆಸಿ. ಆಗ ಮಾತು ತಪ್ಪಿದರೆ 2007ರ ಹಿರಿಯ ನಾಗರಿಕರ ಕಾಯ್ದೆ ನಿಮ್ಮ ಬೆಂಬಲಕ್ಕೆ ಬರುತ್ತದೆ. ಉಯಿಲಿಗೆ ನೋಂದಣಿ ಕಡ್ಡಾಯವಲ್ಲ, ಆದರೂ ಮಾಡಿಸಿದರೆ ಮುಂದೆ ತಕರಾರು ಕಡಿಮೆ. ಮೊಹರು ಮಾಡಿದ ಲಕೋಟೆಯಲ್ಲಿ ಜಿಲ್ಲಾ ನೋಂದಣಾಧಿಕಾರಿಯ ಬಳಿ ಇರಿಸುವ ಅನುಕೂಲವೂ ಇದೆ.

ನೋಂದಣಿಯಾದ ಮೇಲೆ ಮನೆಗೆ ಬಂದು ಹೋಳಿಗೆ ಮಾಡಿ ತಿನ್ನಿ, ತಪ್ಪಿಲ್ಲ. ಮಾರನೆಯ ದಿನದಿಂದ ಉಳಿದ ಕೆಲಸ ಹಿಡಿಯಿರಿ. ಖಾತೆ ನಿಮ್ಮ ಹೆಸರಿಗೆ ಬಂತೇ, ಕಂದಾಯ, ಕರೆಂಟು ನಿಮ್ಮ ಹೆಸರಿಗಾಯಿತೇ ನೋಡಿ. ಕೆಲವು ವಾರ ಬಿಟ್ಟು ಹೊಸ ಇಸಿ ತೆಗೆಸಿ, ಅದರಲ್ಲಿ ನಿಮ್ಮ ಹೆಸರು, ನಿಮ್ಮ ಫ್ಲ್ಯಾಟಿನ ನಂಬರು ಸರಿಯಾಗಿ ಕೂತಿದೆಯೇ ಕಣ್ಣಾರೆ ನೋಡಿ. ಪತ್ರ ಬ್ಯಾಂಕಿಗೆ ಹೋಗುವ ಮೊದಲು ಪುಟ ಪುಟವನ್ನೂ ಸ್ಕ್ಯಾನ್ ಮಾಡಿಟ್ಟುಕೊಳ್ಳಿ, ಯಾವ ಯಾವ ಮೂಲಪತ್ರ ಪಡೆದರು ಎಂಬ ಪಟ್ಟಿಗೆ ಬ್ಯಾಂಕಿನವರಿಂದ ಸಹಿ ಮಾಡಿಸಿಕೊಳ್ಳಿ. ಸಾಲ ತೀರಿದ ದಿನ ಆ ಪಟ್ಟಿ ಹಿಡಿದು ಎಣಿಸಿ ವಾಪಸು ತನ್ನಿ, ಸಾಲ ತೀರಿದ್ದು ಇಸಿಯಲ್ಲೂ ಬರುವಂತೆ ನೋಡಿಕೊಳ್ಳಿ. ವರ್ಷಕ್ಕೊಮ್ಮೆ, ಕಂದಾಯ ಕಟ್ಟುವ ದಿನವೇ ಒಂದು ಇಸಿ ತೆಗೆಸುವುದನ್ನು ರೂಢಿ ಮಾಡಿಕೊಳ್ಳಿ. ನಿಮಗೆ ಗೊತ್ತಿಲ್ಲದೆ ಯಾರಾದರೂ ಏನಾದರೂ ಮಾಡಿದ್ದರೆ ಅಲ್ಲೇ ತಿಳಿಯುತ್ತದೆ.

ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುತ್ತಿದ್ದರು ನಮ್ಮ ಹಿರಿಯರು. ಮನೆ ಕೊಳ್ಳುವಾಗ ಆತುರಪಡಿಸುವವರು ಸುತ್ತಲೂ ಇರುತ್ತಾರೆ. ಬೆಲೆ ಏರುತ್ತದೆ ಎನ್ನುವವರು, ಬೇರೆಯವರು ಕಾಯುತ್ತಿದ್ದಾರೆ ಎನ್ನುವವರು, ಮುಹೂರ್ತ ಮೀರುತ್ತದೆ ಎನ್ನುವವರು. ಅವರಲ್ಲಿ ಯಾರೂ ಇಪ್ಪತ್ತು ವರ್ಷ ಆ ಮನೆಯಲ್ಲಿ ಇರುವುದಿಲ್ಲ. ಇರುವವರು ನೀವು.

ಈ ಶನಿವಾರ ಕರಡು ಪತ್ರವನ್ನು ಹಿಡಿದು ಆ ಕಟ್ಟಡದ ಹತ್ತಿರ ಹೋಗಿ. ಎ ಷೆಡ್ಯೂಲು ತೆರೆದು, ಪೂರ್ವಕ್ಕೆ ಮುಖ ಮಾಡಿ ನಿಂತು ನಾಲ್ಕು ಎಲ್ಲೆಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದಿ. ಕಾಗದದಲ್ಲಿ ಇರುವುದು ಕಣ್ಣೆದುರೂ ಇದ್ದರೆ ಮುಂದುವರಿಯಿರಿ. ಇಲ್ಲದಿದ್ದರೆ ಅಲ್ಲಿಂದಲೇ ನನಗೆ ಫೋನು ಮಾಡಿ. ಪೆನ್ನು ಹಿಡಿದರೆ ಕೈ ನಡುಗುತ್ತದೆ ನಿಜ, ಆದರೆ ಪತ್ರ ಓದುವ ಕಣ್ಣು ಇನ್ನೂ ಗಟ್ಟಿಯಿದೆ. ಹೆಬ್ಬೆಟ್ಟು ಒತ್ತುವ ಮುಂಚೆ ಒಮ್ಮೆ ನನ್ನ ಮುಂದೆ ಕೂತು ಓದಿ ಹೋಗಿ.

ನಿಮ್ಮ
ಪತ್ರದ ತಾತ